ನಮ್ಮ ಮನೆಯ ವೈಫೈ, ಓಣಿಯ ಹೆಪ್ಪು

"ವೈನಿ, ನಿಮ್ಮನಿ ನೆಟ್ ಇವತ್ತ ಭಾಳ ಸ್ಲೋ ಅದ ನೋಡ್ರಿ. ಜರಾ ರಿಪೇರಿ ಮಾಡಸ್ರಿ."

ಮೊನ್ನೆ ಸೋಮವಾರ ಸಂಜೆ ಬಾಗಿಲಲ್ಲಿ ನಿಂತು ಹೀಗೆ ದೂರು ಕೊಟ್ಟವರು ನಮ್ಮ ಮನೆಯವರಲ್ಲ, ಎದುರು ಮನೆಯ ಕಮಲಾಬಾಯಿ. ಓಣಿಗೆಲ್ಲ ನಾನು ವೈನಿ, ಅಂದರೆ ಅತ್ತಿಗೆ. ವೈಫೈ ನನ್ನದು, ಬಿಲ್ಲು ನನ್ನದು, ತಾಕೀತೂ ನನಗೇ! ಅದು ನಮ್ಮ ಮನೆಗೆ ಬಂದು ಆಗಿನ್ನೂ ವಾರ ತುಂಬಿರಲಿಲ್ಲ. ಇವರಿಗೆ ಅದು ತಲುಪಿದ್ದಾದರೂ ಹೇಗೆ?

ಮೊದಲು ವೈಫೈ ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ಮದುವೆಗೆ ಮುಂಚೆ ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಬೀದರಿಗೆ ಬಂದ ಮೇಲೆ ಕೈಗೆ ಚಾಕ್‌ಪೀಸು ಸಿಕ್ಕಿರಲಿಲ್ಲ. ಈಗ ಇಲ್ಲಿಯ ಒಂದು ಕೋಚಿಂಗ್ ಸೆಂಟರಿನವರು ಔರಾದ್, ಸಂತಪುರ ಕಡೆಯ ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳಿಕೊಡುತ್ತೀರಾ ಎಂದು ಕೇಳಿದರು. ಸಂಜೆ ಆರರಿಂದ ಎಂಟು. (ಆ ಹೊತ್ತಿಗೆ ಮಕ್ಕಳು ಬೀದರಿಗೇ ಬಂದು ಕಲಿಯಬೇಕೆಂದರೆ ವಾಪಸ್ ಬಸ್ಸಿಗೆ ಪರದಾಡಬೇಕು.) ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಸೆಂಟರಿನವರು ಒಂದು ಷರತ್ತು ಹಾಕಿದರು. "ಮೊದಲ ತಿಂಗಳು ನೋಡ್ತೀವ್ರಿ ಮೇಡಂ. ಕ್ಲಾಸ್ ನಡುವ ಕಟ್ ಆದ್ರ ಬ್ಯಾರೇದವರಿಗೆ ಕೊಡ್ತೀವಿ."

ನಮ್ಮದು ಹಳೇ ಊರೊಳಗಿನ ಕೆಂಪು ಕಲ್ಲಿನ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯಲ್ಲಿ ಒಬ್ಬರು ಕಾಲು ಮಡಚಿ ಕೂತು ಪೇಪರ್ ಓದಬಹುದು. ಮೊಬೈಲ್ ಹಾಟ್‌ಸ್ಪಾಟ್ ಅಂಗಳದಲ್ಲಿ ಚೆನ್ನಾಗಿ ಸಿಗುತ್ತಿತ್ತು, ಒಳಗೆ ಬಂದರೆ ಸೊನ್ನೆ. ಅಂಗಳದಲ್ಲಿ ನಿಂತು ತ್ರಿಕೋನಮಿತಿ ಕಲಿಸಲಾಗುತ್ತದೆಯೇ? ಕೇಬಲ್ ಎಳೆಸಿದೆವು. ರೌಟರ್ ತರಲು ನಾನೂ ನಮ್ಮವರೂ ಅಂಗಡಿಗೆ ಹೋದೆವು.

ಊರಾಚೆ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಲ್ಲಿ ಕೆಲಸ ಮಾಡುವ ನಮ್ಮವರ ಕಣ್ಣು ಬಿದ್ದದ್ದು ಏಡಿಯ ಹಾಗೆ ಸುತ್ತಲೂ ಆಂಟೆನಾ ಚಾಚಿಕೊಂಡಿದ್ದ ಒಂದು ಕರೀ ಡಬ್ಬಿಯ ಮೇಲೆ. "ಇದೇ ತಗೋ. ಪವರ್ ಭಾಳ ಇರ್ತದ." ಗಂಡಸರು ರೌಟರನ್ನೂ ಮೀಸೆ ನೋಡಿಯೇ ಆರಿಸುತ್ತಾರೇನೋ! ನನಗೆ ಬೇಕಾಗಿದ್ದದ್ದು ನಮ್ಮ ಗೋಡೆ ದಾಟುವಂಥದ್ದು. ರೌಟರಿನಲ್ಲಿ ಎರಡು ಬ್ಯಾಂಡ್ ಇರುತ್ತವೆ. ಒಂದರ ವೇಗ ಕಡಿಮೆ, ಆದರೆ ಗೋಡೆ ದಾಟುತ್ತದೆ. ಇನ್ನೊಂದಕ್ಕೆ ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. ಎರಡೂ ಇರುವ, ಬಂದುಹೋಗುವವರಿಗೆ ಬೇರೆಯದೇ ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಲು ಬರುವ ಸಾದಾ ರೌಟರ್ ತಂದೆ.

ತಂದ ದಿನವೇ ಡಬ್ಬಿಯ ಅಡಿಯಲ್ಲಿ ಅಚ್ಚಾಗಿದ್ದ ಪಾಸ್‌ವರ್ಡ್ ಬದಲಿಸಿದೆ. ಮಕ್ಕಳ ಹೆಸರಿಲ್ಲ, ಮೊಬೈಲ್ ನಂಬರಿಲ್ಲ, ಯಾರೂ ಊಹಿಸಲಾಗದ ಉದ್ದನೆಯದು. ರೌಟರಿನ ಸೆಟ್ಟಿಂಗಿಗೆ ಹೋಗುವ ಪಾಸ್‌ವರ್ಡನ್ನೂ ಬೇರೆ ಮಾಡಿದೆ. (ಇದನ್ನು ಬಹಳ ಜನ ಹಾಗೇ ಬಿಟ್ಟಿರುತ್ತಾರೆ. ಅದು ಪರರ ಕೈಗೆ ಸಿಕ್ಕರೆ ನಿಮ್ಮ ಮನೆಯ ಬೀಗ ಬದಲಿಸಿ ನಿಮ್ಮನ್ನೇ ಹೊರಗೆ ನಿಲ್ಲಿಸಬಹುದು.) ಪಡಸಾಲೆಯ ನಡುವೆ, ಎತ್ತರದಲ್ಲಿ ಇಟ್ಟೆ. ಧೂಳು ಕೂರುತ್ತದೆಂದು ಅತ್ತೆ ಟೀವಿಗೆ ಹೊದಿಸಿದ ಹಾಗೆ ಅದಕ್ಕೂ ಕ್ರೋಶಾ ಹಾಕಿದ ಬಟ್ಟೆ ಹೊದಿಸಿದ್ದರು. ಬಿಸಿಯಾಗುತ್ತದೆ ಎಂದು ಅದನ್ನೂ ತೆಗೆಸಿದೆ. ಇನ್ನೇನು ಚಿಂತೆ ಅಂದುಕೊಂಡಿದ್ದೆ.

ಸೋಮವಾರ ಕ್ಲಾಸು ನಡುವೆಯೇ ನಿಂತುಹೋಯಿತು. "ಮೇಡಂ, ನಿಮ್ಮ ಬಾಯಿ ಅಷ್ಟ ಅಲ್ಲಾಡ್ಲಕತ್ತದ, ಆವಾಜ್ ಬರ್ಲಕತ್ತಿಲ್ಲ" ಎಂದು ಸಂತಪುರದ ಹುಡುಗಿ ಕೂಗುತ್ತಿದ್ದಾಗಲೇ ಬಾಗಿಲಿಗೆ ಕಮಲಾಬಾಯಿಯ ದೂರು ಬಂದದ್ದು. ಅದರ ಹಿಂದೆಯೇ ಸೆಂಟರಿನ ಫೋನು. "ಇನ್ನೊಮ್ಮೆ ಹಿಂಗಾದ್ರ ಕಷ್ಟ ಅದರಿ ಮೇಡಂ."

ಅತ್ತೆಯನ್ನು ಕೇಳಿದೆ. "ನಾ ಪಾಸ್‌ವರ್ಡ್ ಹೇಳಿಲ್ಲವ್ವಾ. ಅದು ನನ್ನ ಬಾಯಾಗ ಹೊಳ್ಳಂಗಿಲ್ಲ" ಎಂದರು. ಸುಳ್ಳಲ್ಲ. ಅವರ ಫೋನಿನಲ್ಲಿ ವೈಫೈ ಒತ್ತಿದರೆ ಚೌಕದ ಕೋಡ್ ಬರುತ್ತದೆ. ತರಕಾರಿ ಅಂಗಡಿಯಲ್ಲಿ ರೊಕ್ಕ ಕೊಡುವಾಗ ಸ್ಕ್ಯಾನ್ ಮಾಡುವ ಹಾಗೆ ಓಣಿಯ ಹೆಂಗಸರೆಲ್ಲ ಬಂದು ಸ್ಕ್ಯಾನ್ ಮಾಡಿಕೊಂಡು ಹೋಗಿದ್ದರು. ಪುಕಟ!

"ಬಂದವರಿಗಿ ಇಲ್ಲ ಅನ್ಲಿಕ್ಕಿ ಬರ್ತದೇನು? ಹೆಪ್ಪು ಕೊಟ್ರ ನಮ್ಮ ಮೊಸರು ಕಮ್ಮಿ ಆಗ್ತದೇನು?"

"ಇದು ಹೆಪ್ಪಲ್ಲರಿ ಅತ್ತಿ, ಹಾಲು. ಕೊಟ್ಟಷ್ಟೂ ಕಮ್ಮಿ ಆಗ್ತದ. ಮ್ಯಾಲ ಯಾರರ ನಮ್ಮ ನೆಟ್‌ನ್ಯಾಗ ತಪ್ಪು ಕೆಲಸ ಮಾಡಿದ್ರ ಪೊಲೀಸರು ನಮ್ಮನಿಗಿ ಬರ್ತಾರ."

"ಕಮಲಾಬಾಯಿ ಏನ್ ಕಳ್ಳಿ ಏನವ್ವಾ?" ಎಂದು ಅತ್ತೆ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಕಮಲಾಬಾಯಿಯನ್ನೇ ಕೇಳಿಕೊಂಡೆ. ಆರರಿಂದ ಎಂಟರವರೆಗೆ ನನ್ನ ಕ್ಲಾಸ್ ಇರುತ್ತದೆ, ಆಗೊಂದು ಬಳಸಬೇಡಿ ಎಂದೆ. ಅವರು ನಕ್ಕರು. "ಮನ್ಯಾಗ ಕೂತು ಮಾಡೋದ ಅಲ್ಲೇನ್ರಿ ವೈನಿ? ಆಮ್ಯಾಲ ಮಾಡಿದ್ರಾಯ್ತು."

ಮೈಯೆಲ್ಲ ಉರಿದುಹೋಯಿತು. ಕೊಳಾರಕ್ಕೆ ಹೋಗಿ ನಮ್ಮವರಿಗೆ ಯಾರಾದರೂ "ಲೋಡಿಂಗ್ ಆಮ್ಯಾಲ ಮಾಡ್ರಿ" ಅನ್ನುತ್ತಾರೆಯೇ? ಅವರ ಕುರ್ಚಿಯಲ್ಲಿ ಓಣಿಯವರು ಹೋಗಿ ಕೂರುತ್ತಾರೆಯೇ?

ಅಂದು ಸಂಜೆ ಕ್ಲಾಸಿಗೆ ಇನ್ನೂ ಅರ್ಧ ಗಂಟೆ ಇರುವಾಗ ಅತ್ತೆ ದೇವರಿಗೆ ದೀಪ ಹಚ್ಚಿ ಎದ್ದರು. ಅಷ್ಟರಲ್ಲಿ ಓಣಿಯ ಒಬ್ಬಾಕೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಳು. ಅತ್ತೆ ಜಾಗ ಬಿಟ್ಟು ಕದಲಲಿಲ್ಲ. "ದೀಪ ಹಚ್ಚೀನಿ. ಇನ್ನ ಹೆಪ್ಪು ಕೊಡಂಗಿಲ್ಲ. ಮುಂಜಾನಿ ಬಾ." ಆಕೆ ಯಾಕೆ ಎಂದು ಕೇಳಲಿಲ್ಲ, ಬೇಸರಪಡಲೂ ಇಲ್ಲ. ಬಟ್ಟಲು ಸೆರಗಿನಡಿ ಇಟ್ಟುಕೊಂಡು ಹೋದಳು.

ನಾನು ರೌಟರಿನ ಸೆಟ್ಟಿಂಗ್ ತೆರೆದು ಕೂತೆ. ಮುಖ್ಯ ಪಾಸ್‌ವರ್ಡ್ ಬದಲಿಸಿ ನನ್ನ ಲ್ಯಾಪ್‌ಟಾಪಿಗಷ್ಟೇ ಇಟ್ಟುಕೊಂಡೆ. ಗೆಸ್ಟ್ ನೆಟ್‌ವರ್ಕ್ ಶುರು ಮಾಡಿ, ವೇಗಕ್ಕೆ ಮಿತಿ ಹಾಕಿ, ಅತ್ತೆಯ ಫೋನನ್ನು ಅದಕ್ಕೆ ಸೇರಿಸಿದೆ. ಅದು ಆರಕ್ಕೆ ತಾನಾಗಿ ಬಂದ್ ಆಗಿ ಎಂಟಕ್ಕೆ ತೆರೆಯುವಂತೆ ಟೈಮ್ ಇಟ್ಟೆ.

"ಅತ್ತಿ, ಹಗಲೆಲ್ಲ ನಿಮಗ ಗೊತ್ತಿದ್ದವರಿಗಿ ನೀವ ಕೊಡ್ರಿ. ದೀಪ ಹಚ್ಚಿದ ಮ್ಯಾಲ ಮಾತ್ರ ಕೊಡಂಗಿಲ್ಲ."

ಅತ್ತೆ ತುಸು ಯೋಚಿಸಿದರು. "ಇದು ಬರೋಬ್ಬರಿ ಅದ" ಎಂದರು. ಮರುದಿನ ಹೊಸ ಕೋಡ್ ಸ್ಕ್ಯಾನ್ ಮಾಡಲು ಬಂದವರಿಗೆಲ್ಲ ಅದನ್ನೇ ಹೇಳಿ ಕಳಿಸಿದರು. ಭಾತಂಬ್ರಾ ಊರಿಗೆ ಮದುವೆಯಾಗಿ ಹೋದ ಮಗಳ ಜೊತೆ ಸಂಜೆ ಮಾಡುತ್ತಿದ್ದ ವಿಡಿಯೋ ಕಾಲನ್ನೂ ತಾವಾಗಿಯೇ ಎಂಟರ ನಂತರಕ್ಕೆ ತಳ್ಳಿದರು. ನನಗೆ ಕಣ್ಣು ತುಂಬಿಬಂತು.

ಗುರುವಾರ ಕ್ಲಾಸು ಎಲ್ಲೂ ತಡೆಯಲಿಲ್ಲ. ಸಂತಪುರದ ಹುಡುಗಿ ಲೆಕ್ಕ ಬಿಡಿಸಿ ಉತ್ತರ ಹೇಳುತ್ತಿದ್ದಾಗ ಬಾಗಿಲಲ್ಲಿ ಕಮಲಾಬಾಯಿಯ ದನಿ ಕೇಳಿಸಿತು. "ನೆಟ್ ಬಂದ್ ಆಗ್ಯಾದಲ್ರಿ?"

"ದೀಪ ಹಚ್ಚೀವಿ" ಎಂದರು ಅತ್ತೆ.

"ಹೌದಲ್ಲ, ನಾ ಮರ್ತೇ ಬಿಟ್ಟಿದ್ದೆ" ಎಂದು ಕಮಲಾಬಾಯಿ ಸುಮ್ಮನೆ ಹೊರಟುಹೋದರು.

ನನ್ನ ಕೆಲಸ ಉಳಿಯಿತು, ಸಂತೋಷ. ಆದರೆ ಕ್ಲಾಸ್ ಇದೆ ಎಂದಾಗ ನಕ್ಕವರು ದೀಪ ಅಂದ ಕೂಡಲೇ ತಿರುಗಿ ನಡೆದರಲ್ಲ, ಮನೆಯಲ್ಲಿ ಕೂತು ದುಡಿಯುವ ಹೆಂಗಸಿನ ಕೆಲಸ ಕಾಣಬೇಕಾದರೆ ಪಕ್ಕದಲ್ಲೊಂದು ದೀಪ ಹಚ್ಚಿಡಲೇಬೇಕೇ?