ವಾರಿಜಕ್ಕನಿಗೆ ಕೈ ಕೊಟ್ಟವರು

ವಾರಿಜಕ್ಕನನ್ನು ನಾನು ಮೊದಲು ನೋಡಿದ್ದು ನನ್ನ ಟ್ರಂಕಿನ ಕೆಳಗೆ. ಎಪ್ಪತ್ತರ ದಶಕದ ನಡುಭಾಗ. ಮಣಿಪಾಲದ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಪರ್ಕಳದಲ್ಲಿ ಬಾಡಿಗೆ ಕೋಣೆ ಗೊತ್ತು ಮಾಡಿಕೊಂಡು ಕಾರ್ಕಳದಿಂದ ಬಂದಿಳಿದಿದ್ದೆ. ರಸ್ತೆಯಿಂದ ಮನೆಗೆ ಮುರಕಲ್ಲಿನ ಮೆಟ್ಟಿಲು. ನಾಲ್ಕು ಹೆಜ್ಜೆಗೊಮ್ಮೆ ಟ್ರಂಕನ್ನು ಕೆಳಗಿಟ್ಟು ಏದುಸಿರು ಬಿಡುತ್ತಿದ್ದಾಗ, ಐವತ್ತು ದಾಟಿದ ಹೆಂಗಸೊಬ್ಬರು ಇಳಿದು ಬಂದರು. ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಸಿಂಬಿ ಸುತ್ತಿ ತಲೆಗಿಟ್ಟು, ಟ್ರಂಕನ್ನು ಅದರ ಮೇಲೇರಿಸಿ, ಬಂದ ದಾರಿಯಲ್ಲೇ ಹತ್ತತೊಡಗಿದರು.

"ಇದರಲ್ಲಿ ಎಂತ ಉಂಟು ಮಾರಾಯ್ರೆ? ಕಲ್ಲಾ?"

"ಪುಸ್ತಕ," ಎಂದೆ.

"ಓದಿ ಮುಗಿಸಿದ ಮೇಲಾದರೂ ಸ್ವಲ್ಪ ಹಗುರ ಆಗ್ತದಾ?"

ಅವರೇ ಮನೆಯ ಯಜಮಾನಿ ಎಂದು ತಿಳಿದದ್ದು ಮೇಲೆ ಹೋದ ಬಳಿಕ. ಅವರದು ತುಳು, ನನ್ನ ಮನೆಮಾತು ಕೊಂಕಣಿ. ಹಾಗಾಗಿ ನನ್ನನ್ನು ಬೈಯಬೇಕಾದಾಗಲೆಲ್ಲ ಅವರು ಕನ್ನಡದಲ್ಲೇ ಬೈಯುತ್ತಿದ್ದರು.

ಮನೆಯ ಹಿಂದೆ ಸಾಲಾಗಿ ಬಾಡಿಗೆ ಕೋಣೆಗಳು. ಅಲ್ಲಿದ್ದವರಿಗೂ ಆಚೀಚೆಯ ಕೆಲವರಿಗೂ ವಾರಿಜಕ್ಕನದೇ ಊಟ. ಅವರ ಸಾರಿನ ರುಚಿಯನ್ನು ಎಷ್ಟು ಹೊಗಳಿದರೂ ಅವರಿಗೆ ನಾಟುತ್ತಿರಲಿಲ್ಲ. ಹೆಮ್ಮೆಯೆಲ್ಲ ಅನ್ನ ಬಸಿಯುವುದರಲ್ಲಿತ್ತು. ಕುಚ್ಚಲಕ್ಕಿ ಬೆಂದ ದೊಡ್ಡ ಪಾತ್ರೆಯನ್ನು ಎರಡು ಬಟ್ಟೆ ತುಂಡು ಹಿಡಿದು ಒಬ್ಬರೇ ಒಲೆಯಿಂದ ಎತ್ತಿ, ಅಂಗಳದ ಅಂಚಿಗೆ ತಂದು ಬಾಗಿಸಿ ಗಂಜಿ ಬಸಿಯುತ್ತಿದ್ದರು. ಒಂದು ಅಗುಳೂ ಕೆಳಗೆ ಬೀಳುತ್ತಿರಲಿಲ್ಲ. ನಾವೆಲ್ಲ ತಟ್ಟೆ ಹಿಡಿದು ನೋಡುತ್ತಾ ನಿಲ್ಲುತ್ತಿದ್ದೆವು.

"ಅಕ್ಕ, ಒಂದು ಕೈ ಕೊಡ್ಲಾ?" ಎಂದು ಒಮ್ಮೆ ಕೇಳಿದೆ.

"ಬೇಡ ಮಾರಾಯ್ರೆ. ನನಗೆ ಕೈ ಕೊಟ್ಟವರು ಈಗಲೇ ಸುಮಾರು ಜನ ಇದ್ದಾರೆ."

ಮೊದಲನೆಯವನು ಗಂಡ. ಹೋಟೆಲಿನ ಕೆಲಸಕ್ಕೆಂದು ಬೊಂಬಾಯಿಗೆ ಹೋದವನು ಕೆಲವು ಕಾಲ ಕಾಗದ ಬರೆದ, ಆಮೇಲೆ ಕಾಗದವೂ ಇಲ್ಲ, ಅವನೂ ಇಲ್ಲ. ಅವನ ನಂತರ ಮನೆಯ ಮಾಡು ರಿಪೇರಿಗೆಂದು ಮುಂಗಡ ಪಡೆದು ಮಾಯವಾದ ಆಚಾರಿ, ಸಾಕಿದ ಮೇಲೆ ಪಕ್ಕದ ಮನೆ ಸೇರಿದ ಬೆಕ್ಕು. ಎಲ್ಲರ ಹೆಸರನ್ನೂ ಒಂದೇ ದನಿಯಲ್ಲಿ ಹೇಳಿ ನಗುತ್ತಿದ್ದರು. ನನಗೆ ನಗು ಬರುತ್ತಿತ್ತು, ಜೊತೆಗೆ ಸಂಕಟವೂ ಆಗುತ್ತಿತ್ತು.

ಕೆಲವು ವರ್ಷ ಕಳೆದವು. ಒಂದು ಭಾನುವಾರ ಪಾತ್ರೆ ಎತ್ತಿ ತಿರುಗುವಾಗ ಅವರ ಸೊಂಟ ಹಿಡಿದುಕೊಂಡಿತು. ಪಾತ್ರೆಯನ್ನು ಮಾತ್ರ ಕೈಬಿಡಲಿಲ್ಲ. ಮೆಲ್ಲಗೆ ನೆಲಕ್ಕಿಳಿಸಿ, ಅದರ ಪಕ್ಕದಲ್ಲೇ ತಾವೂ ಕುಳಿತರು. ಮತ್ತೆ ಏಳಲಾಗಲಿಲ್ಲ. ನಾನೂ ಪಕ್ಕದ ಕೋಣೆಯ ಸದಾನಂದನೂ ರಿಕ್ಷಾ ತಂದು ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆವು. ಉದ್ಯಾವರದ ಈ ಸದಾನಂದ ಶಾಲೆಯಲ್ಲಿ ಲೆಕ್ಕದ ಮಾಸ್ಟ್ರು. ಆಳು ದೊಡ್ಡ, ಬಾಯಿ ಇನ್ನೂ ದೊಡ್ಡದು.

"ಅಮ್ಮ, ನಿಮಗೆ ಅರವತ್ತಾಗ್ತಾ ಬಂತು. ಇನ್ನು ಭಾರ ಎತ್ತುವುದು ಬೇಡ," ಎಂದರು ಡಾಕ್ಟರು.

ಮನೆಗೆ ಬಂದು ಮಲಗಿದ ಮೇಲೆ ವಾರಿಜಕ್ಕ ಗೋಡೆಯ ಕಡೆ ತಿರುಗಿಯೇ ಹೇಳಿದರು: "ಎತ್ಲಿಕ್ಕೆ ಆಗದಿದ್ರೆ ಅಡುಗೆ ಉಂಟಾ? ಅಡುಗೆ ಇಲ್ಲದಿದ್ರೆ ಕಾಪುವಿನಲ್ಲಿ ತಮ್ಮನ ಮನೆಯೇ ಗತಿ. ಮೂಲೆಯಲ್ಲಿ ಕೂತು, ಅವನ ಹೆಂಡತಿ ಬಡಿಸಿದಷ್ಟು ಉಣ್ಬೇಕು." ದನಿ ಒಡೆದಿತ್ತು. ನನ್ನ ಟ್ರಂಕು ಹೊತ್ತ ಆ ಹೆಂಗಸು ಅಳುವುದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೂರು ವಾರ ನಾವು ಹೋಟೆಲಿನಲ್ಲಿ ಉಂಡೆವು, ಅವರಿಗೆ ನೆರೆಮನೆಯಿಂದ ಗಂಜಿ ಬರುತ್ತಿತ್ತು. ನೋವು ಇಳಿದು ಮತ್ತೆ ಒಲೆ ಹೊತ್ತಿದಾಗ, ಅನ್ನ ಬಸಿಯುವುದು ನಮ್ಮ ಕೆಲಸ ಎಂದು ಸದಾನಂದ ಘೋಷಿಸಿದ. ಅವರು ಒಪ್ಪಲೂ ಇಲ್ಲ, ತಡೆಯಲೂ ಇಲ್ಲ. ಬೆಂಚಿನ ಮೇಲೆ ಕುಳಿತು ನೋಡಿದರು. ನಾವಿಬ್ಬರೂ ಪಾತ್ರೆ ಹಿಡಿದೆವು. ನಾನು ಪೂರ್ವಕ್ಕೆ ಬಾಗಿಸಿದರೆ ಅವನು ಪಶ್ಚಿಮಕ್ಕೆ ಎಳೆದ. ಮುಚ್ಚಳ ಜಾರಿ, ಅರ್ಧ ಅನ್ನ ಅಂಗಳ ಸೇರಿತು.

"ಇವತ್ತು ಯಾರ ತಿಥಿ ಮಾರಾಯ್ರೆ? ಕಾಗೆಗಳಿಗೆ ಇಷ್ಟೊಂದು ಬಡಿಸಿದ್ದೀರಿ!"

ಮರುದಿನ ನಾವು ಸ್ನಾನ ಮುಗಿಸಿ ಬರುವಷ್ಟರಲ್ಲಿ ವಾರಿಜಕ್ಕ ಒಲೆಯ ಮುಂದೆ ಬಾಗಿದ್ದರು. ಎರಡು ಕೈಗೂ ಬಟ್ಟೆ ಸುತ್ತಿಕೊಂಡು ಪಾತ್ರೆಯ ಅಂಚು ಹಿಡಿದಾಗಿತ್ತು. "ಅಕ್ಕ!" ಎಂದು ನಾನು ಕೂಗಿದೆ. "ನಿಮ್ಮನ್ನು ನಂಬಿದರೆ ಊರಿನ ಕಾಗೆಗಳೆಲ್ಲ ಇಲ್ಲೇ ಬಾಡಿಗೆಗೆ ಬರ್ತವೆ. ಆಚೆ ಸರಿಯಿರಿ," ಎಂದರು.

ಸದಾನಂದ ಬಾಗಿಲಿಗೆ ಒರಗಿ ನಿಂತ. "ಎತ್ತಿ ಅಕ್ಕ, ಎತ್ತಿ. ನಾಳೆ ನೀವು ಮಲಗಿದ್ರೆ ನಮಗೆ ಊಟ ಇಲ್ಲ. ಬೊಂಬಾಯಿಯವರು ನಿಮಗೆ ಕೈ ಕೊಟ್ಟರು, ನೀವು ನಮಗೆ ಕೈ ಕೊಡಿ. ಲೆಕ್ಕ ಸರಿ ಆಗ್ತದೆ, ಅಲ್ವಾ?"

ಇವನು ಮಿತಿ ಮೀರಿದ, ಇಂದೇ ಕೋಣೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ. ವಾರಿಜಕ್ಕ ಬಾಗಿದಲ್ಲೇ ಅವನನ್ನು ದಿಟ್ಟಿಸಿದರು. ಒಲೆಯಲ್ಲಿ ಗಂಜಿ ಉಕ್ಕಿ ಚುಂಯ್ ಎಂದಿತು. ಆಮೇಲೆ ಒಂದು ಕೈಯ ಬಟ್ಟೆ ಬಿಚ್ಚಿ ಅವನತ್ತ ಚಾಚಿದರು, ಇನ್ನೊಂದನ್ನು ನನ್ನತ್ತ ಎಸೆದರು.

"ಹಿಡಿಯಿರಿ. ತೋಳು ನಿಮ್ಮದು, ಬಾಯಿ ನನ್ನದು. ನಾನು 'ಹೂಂ' ಅನ್ನುವ ಮೊದಲು ಬಗ್ಗಿಸಿದರೆ ಜಾಗ್ರತೆ!"

ಅಂದು ಕಾಗೆಗಳಿಗೆ ಏನೂ ಸಿಗಲಿಲ್ಲ. ಆ ವಾರವೇ ಉಡುಪಿಯಿಂದ ಎರಡು ಸಣ್ಣ ಪಾತ್ರೆ ಬಂದವು. ದೊಡ್ಡದನ್ನು ನಮ್ಮಿಂದಲೇ ಅಟ್ಟಕ್ಕೆ ಹಾಕಿಸಿದರು. ಒಮ್ಮೆ ಬೇರೆಯವರಿಂದ ಮಾಡಿಸುವ ರುಚಿ ಹತ್ತಿದ ಮೇಲೆ ಕೇಳಬೇಕೆ? ಆ ಮೆಟ್ಟಿಲು ಹತ್ತಿ ಬಂದ ಯಾರೂ ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ಕೊಡಪಾನ, ತೆಂಗಿನಕಾಯಿ, ಸೌದೆ, ಏನಾದರೊಂದು ಕೈಗೆ ಬರುತ್ತಿತ್ತು. ನನಗೆ ಹೆಣ್ಣು ಕೊಡುವ ಮಾತಾಡಲು ಬಂದ ಹಿರಿಯರಿಂದ ಅಕ್ಕಿ ಮೂಟೆ ಸರಿಸಿಕೊಂಡು, ನನ್ನನ್ನು ಬದಿಗೆ ಕರೆದು, "ಮಾವ ಗಟ್ಟಿ ಇದ್ದಾರೆ, ಒಪ್ಪಿಕೊಳ್ಳಿ," ಎಂದರು. ಒಪ್ಪಿಕೊಂಡೆ.

ಮದುವೆಯಾಗಿ ನಾನು ಉಡುಪಿಗೆ ಬಂದೆ. ವಾರಿಜಕ್ಕ ಕಾಪುವಿಗೆ ಹೋಗಲೇ ಇಲ್ಲ. ಕೊನೆಯವರೆಗೂ ಪರ್ಕಳದಲ್ಲೇ, ಬೆಂಚಿನ ಮೇಲೆ ಕುಳಿತು, ಬಾಡಿಗೆಯವರ ತೋಳುಗಳಿಂದ ಅಡುಗೆ ನಡೆಸಿದರು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಡವಾಗಿ. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ ಎಂಬ ನೋವು ಇಂದಿಗೂ ಇದೆ. ಹಾಗಾಗಿ ನನ್ನ ಪಾಲಿಗೆ ಅವರು ಇನ್ನೂ ಒಂದು ಬಸ್ಸಿನ ಕಿಟಕಿಯಲ್ಲೇ ಕುಳಿತಿದ್ದಾರೆ.

ಅದು ಎಂಬತ್ತರ ದಶಕದ ಕೊನೆ. ಉಡುಪಿಯ ಬಸ್ ನಿಲ್ದಾಣದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಕೇಳುವ ಮೊದಲೇ ಚೀಲ ನನ್ನ ಕೈಗೆ ಬಂತು. ಪರ್ಕಳದ ಬಸ್ಸು ಬಂದು ನಿಂತಿತು. ಅದರ ಮೆಟ್ಟಿಲು ಎತ್ತರ. ಕಂಡಕ್ಟರ್ ಆಗಲೇ ಸೀಟಿ ಬಾಯಿಗಿಟ್ಟಿದ್ದ. ವಾರಿಜಕ್ಕ ಒಂದು ಕಾಲು ಮೇಲಿಟ್ಟು, ನಿಂತು, ನನ್ನ ಕಡೆ ತಿರುಗಿದರು.

"ಎಂತ ನೋಡ್ತೀರಿ? ಕೈ ಕೊಡಿ ಮಾರಾಯ್ರೆ."

ಅಷ್ಟು ವರ್ಷಗಳಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕೈ ಕೊಟ್ಟೆ. ಗಟ್ಟಿಯಾಗಿ ಹಿಡಿದು, ಮೇಲೇರಿ, ಕಿಟಕಿಯ ಬಳಿ ಕುಳಿತರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ನಾನು ಆ ಸಂಭ್ರಮದಲ್ಲೇ ಮೈಮರೆತು ನಿಂತಿದ್ದೆ.

"ಚೀಲ! ಚೀಲ!" ಕಿಟಕಿಯಿಂದ ಕೂಗು.

ನೋಡಿದರೆ ತರಕಾರಿ ಚೀಲ ನನ್ನ ಎಡಗೈಯಲ್ಲೇ ಇತ್ತು. ಓಡಿದೆ. ಕಿಟಕಿಯ ಸರಳುಗಳ ನಡುವೆ ಹೇಗೋ ತುರುಕಿದೆ. ಒಂದೆರಡು ಬದನೆಕಾಯಿ ರಸ್ತೆಗೆ ಬಿದ್ದವು. ವಾರಿಜಕ್ಕ ಚೀಲವನ್ನು ಅಪ್ಪಿಕೊಂಡು, ಹೊರಗೆ ಮುಖ ಹಾಕಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ನಗುತ್ತಾ ಕೂಗಿದರು:

"ಕೈ ಕೊಡಿ ಅಂದ್ರೆ ಹೀಗೆ ಕೈ ಕೊಡುವುದಾ ಮಾರಾಯ್ರೆ!"