ನೀಲಿ ಮಾತ್ರೆಯ ರ‍್ಯಾಪು

ಎರಡು ವರ್ಷದ ಹಿಂದಿನ ಮಾತು. ನಾನು ಆಗ ಕನಕಪುರ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕೆಲಸದ ಬಗ್ಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ತಮಾಷೆಗೆ ಏನಾದರೂ ಅಂದರೂ ಬ್ಯಾಗು ಎತ್ತಿಕೊಂಡು ಎದ್ದು ಬಂದುಬಿಡುತ್ತಿದ್ದೆ.

ಪ್ರತಿ ಸೋಮವಾರ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಿ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವುದು ನನ್ನ ಕೆಲಸ. ಸಾಲಾಗಿ ನಿಲ್ಲಿಸಿ, 'ನುಂಗು, ನುಂಗು, ಮುಂದೆ ಹೋಗು' ಅಂತ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದೆ. ಹತ್ತನೇ ಕ್ಲಾಸಿನ ಪವಿತ್ರಾ ಒಂದು ದಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಿದ್ದಳು. ಪರೀಕ್ಷೆ ಮಾಡಿದರೆ ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ನನಗೆ ನಂಬಲಾಗಲಿಲ್ಲ. ವಾರವಾರ ನನ್ನ ಕಣ್ಣೆದುರೇ ಮಾತ್ರೆ ಬಾಯಿಗೆ ಹಾಕಿಕೊಂಡ ಹುಡುಗಿ ಅವಳು.

ಹಾಸ್ಟೆಲಿನ ಅಡುಗೆಯ ಗೌರಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೋರಿ ತೋರಿಸಿದರು. ಕೆಸರಲ್ಲಿ ನೀಲಿ ನೀಲಿ ಮಾತ್ರೆ, ಬಾಯಲ್ಲೇ ಇಟ್ಟುಕೊಂಡು ಬಂದು ಉಗುಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಯರನ್ನೆಲ್ಲ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ. ಯಾಕೆ ಎಸೆದಿರಿ ಅಂದರೆ ಒಬ್ಬಳೂ ತುಟಿ ಬಿಚ್ಚಲಿಲ್ಲ.

ಪವಿತ್ರಾಳ ಅಪ್ಪ ರೇಷ್ಮೆ ಬೆಳೆಯುವವರು. ಸುದ್ದಿ ತಿಳಿದ ಕೂಡಲೇ ಬಂದು ನನ್ನ ಮುಂದೆ ನಿಂತರು. "ನಿಮ್ ಮಾತ್ರೆಯಿಂದ್ಲೇ ಇಂಗಾಗಿರದು ಸಿಸ್ಟ್ರೆ. ಓದೂ ಬ್ಯಾಡ, ಹಾಸ್ಟ್ಲೂ ಬ್ಯಾಡ. ಕರ್ಕೊಂಡೋಯ್ತೀನಿ" ಅಂದರು. ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ಆ ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಎಷ್ಟು ಹೇಳಿದರೂ ಅವಳಪ್ಪ ಕೇಳಲಿಲ್ಲ. ಭಾನುವಾರದವರೆಗೆ ಬಿಡಿ ಅಂತ ಕೈಮುಗಿದ ಮೇಲೆ ಒಪ್ಪಿದರು.

ಭಾನುವಾರ ಅಂದದ್ದು ಚೈತ್ರಾಳ ಮಾತು ಕೇಳಿ. ಅವಳು ಇದೇ ಹಾಸ್ಟೆಲಿನಲ್ಲಿ ಓದಿದವಳು. ಈಗ ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ವಾರದ ರಜೆಯಲ್ಲಿ ಸ್ಕೂಟರ್ ಹತ್ತಿ ಬಂದು ಹುಡುಗಿಯರಿಗೆ ರ‍್ಯಾಪ್ ಹೇಳಿಕೊಡುತ್ತಿದ್ದಳು. ಯಾರನ್ನೂ ಕೀಳು ಮಾಡಬಾರದು, ನಿಜ ಬಿಟ್ಟು ಬೇರೆ ಹೇಳಬಾರದು ಅನ್ನುವುದು ಅವಳ ನಿಯಮ. "ಮೇಡಂ, ಬಾಯಲ್ಲಿ ಹೇಳೋಕೆ ಆಗ್ದೇ ಇರೋದನ್ನ ಇವರು ಬರೆದು ಹಾಡ್ತಾರೆ. ಅಪ್ಪ ಅಮ್ಮಂದಿರನ್ನೂ ಕರೆಸಿ" ಅಂದಳು. "ಮೈಕ್ ಹಿಡ್ಕೊಂಡು ಕುಪ್ಪಳಿಸಿದ್ರೆ ರಕ್ತ ಬರುತ್ತೇನಮ್ಮ?" ಅಂತ ನಾನು ಗೊಣಗಿದೆ. ಆದರೂ ಬೇರೆ ದಾರಿ ಇರಲಿಲ್ಲ.

ಭಾನುವಾರ ಊಟದ ಹಾಲ್ ತುಂಬಿತು. ನನಗೆ ಮುಂದಿನ ಸಾಲಿನಲ್ಲೇ ಕುರ್ಚಿ. ನಾಲ್ಕು ಹುಡುಗಿಯರು ತಟ್ಟೆ ಬಡಿದು ತಾಳ ಹಾಕಿದರು. ಸುಸ್ತಾಗಿದ್ದ ಪವಿತ್ರಾ ಸ್ಟೂಲಿನ ಮೇಲೆ ಕೂತೇ ಶುರು ಮಾಡಿದಳು.

"ಸೋಮವಾರ ಬಂತು ಅಂದ್ರೆ ಸಿಸ್ಟರ್ ಬಂದ್ರು ನೋಡು,
ಕಣ್ಣು ಕೆಂಪು, ಕೈಲಿ ಡಬ್ಬಿ, ನುಂಗು, ಬೇಗ ಓಡು!"

ಹಾಲ್‌ಗೆ ಹಾಲೇ ನಕ್ಕಿತು. ನನಗೆ ಕಿವಿ ಬಿಸಿಯಾಯಿತು. ಬ್ಯಾಗು ತೆಗೆದುಕೊಂಡು ಎದ್ದೇಬಿಟ್ಟೆ. ಪಕ್ಕದಲ್ಲಿದ್ದ ಗೌರಮ್ಮ ನನ್ನ ಕೈ ಹಿಡಿದು ಎಳೆದರು. "ಕೂತ್ಕಳಿ ಸಿಸ್ಟ್ರೆ. ಮದ್ವೇಲಿ ಬೀಗ್ರ ಪದ ಹೇಳ್ವಾಗ ಬೀಗ್ತಿ ಎದ್ದೋಯ್ತಾಳಾ? ಎಷ್ಟಾರಾ ಆಡ್ಕಳ್ಳಿ, ನಗ್ತಾ ಕೂತಿರ್ಬೇಕು. ಅವ್ರು ಆಡೋದು ನಮ್ಮೋರು ಅಂತ್ಲೇ ಕಣವ್ವ." ನನ್ನ ಮದುವೆಯಲ್ಲಿ ನಮ್ಮ ಅತ್ತೆ ಹಾಗೆ ಕೂತಿದ್ದು ನನಗೂ ಗೊತ್ತು. ಹಲ್ಲು ಕಚ್ಚಿಕೊಂಡು ಕೂತೆ.

ಪವಿತ್ರಾ ಮುಂದುವರಿಸಿದಳು.

"ಮಾತ್ರೆ ನುಂಗಿ ಬೆಳಗ್ಗೆ ಎದ್ದು ಹೋದ್ರೆ ಕಪ್ಪು ಕಪ್ಪು,
ಹೆದ್ರಿ ಎಸೆದ್ವಿ ಮೋರಿಗೆ, ಹೇಳಿ, ಯಾರ್ದು ತಪ್ಪು?"

ಈ ಸಲ ಯಾರೂ ನಗಲಿಲ್ಲ. ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಅದರಿಂದ ಏನೂ ತೊಂದರೆ ಇಲ್ಲ ಅನ್ನುವುದು ನನಗೆ ಟ್ರೈನಿಂಗಿನ ದಿನದಿಂದ ಗೊತ್ತು. ಹುಡುಗಿಯರ ಮುಂದೆ ಆ ಮಾತು ಹೇಗೆ ಎತ್ತುವುದು ಅಂತ ಸಂಕೋಚ, ಜೊತೆಗೆ ಯಾವಾಗಲೂ ಅವಸರ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಹೇಳಿರಲಿಲ್ಲ. ಮಕ್ಕಳು ಒಳಗೊಳಗೇ ಹೆದರಿ ಸತ್ತಿದ್ದರು, ನಾನು ಅವರನ್ನೇ ಬೈದಿದ್ದೆ.

ನಾನು ಎದ್ದೆ. ಗೌರಮ್ಮ ಮತ್ತೆ ಕೈ ಹಿಡಿಯಲು ಬಂದರು. ನಾನು ಮೈಕ್ ಇಸ್ಕೊಂಡು, "ತಪ್ಪು ನಂದು" ಅಂದೆ. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಪ್ಪಗಾಗುವುದು ಯಾಕೆ, ಹೊಟ್ಟೆ ತುಂಬಾ ಉಂಡ ಮೇಲೇ ಯಾಕೆ ನುಂಗಬೇಕು, ಮಾತ್ರೆ ಜೊತೆ ಟೀ ಯಾಕೆ ಬೇಡ, ಎಲ್ಲ.

ಪವಿತ್ರಾಳ ಅಪ್ಪ ಹಿಂದಿನಿಂದ ಕೇಳಿದರು. "ಅಂಗಾರೆ ಅದು ರಕ್ತ ಅಲ್ವಾ? ಒಳಗಿನ್ ರಕ್ತಾನೇ ಕರಗಿ ಓಯ್ತಾ ಐತೆ ಅಂತ ಮಗು ಅವ್ರವ್ವನ್ ತಾವ ಅತ್ಕಂಡಿತ್ತು."

"ಅಲ್ಲಪ್ಪ, ಮಾತ್ರೆಯ ಕಬ್ಬಿಣ ಅದು" ಅಂದೆ. ಅವರು ಮಗಳ ಕಡೆ ತಿರುಗಿದರು. "ಸರಿ, ಇರ್ಲಿ ಬುಡಿ, ಓದ್ಲಿ" ಅಂದರು.

ಚೈತ್ರಾ ಪೆನ್ನು ಕೊಟ್ಟು, "ಸಿಸ್ಟರ್ ಹೇಳಿದ್ದನ್ನೂ ಸೇರ್ಸು" ಅಂದಳು. ಪವಿತ್ರಾ ಹತ್ತು ನಿಮಿಷದಲ್ಲಿ ಅಲ್ಲೇ ಕೂತು ಬರೆದಳು.

"ಊಟ ಆದ್ಮೇಲ್ ನುಂಗು ತಂಗಿ, ಟೀಯ ಬಿಡು ಜತೆ,
ಕಪ್ಪಾದ್ರೇನು, ಹೆದರಬೇಡ, ಅದು ಕಬ್ಬಿಣದ ಕತೆ!"

ಅವಳಿಗೆ ಡಾಕ್ಟರು ದಿನಾ ತೆಗೆದುಕೊಳ್ಳುವ ಮಾತ್ರೆ ಬರೆದುಕೊಟ್ಟರು. ಅವಳು ತಪ್ಪಿಸಲಿಲ್ಲ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ ಹತ್ತೂವರೆಗೆ ಬಂತು. ಪರೀಕ್ಷೆ ಬರೆದು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಹಿತ್ತಲ ಮೋರಿಗೆ ನಾನು ಎಷ್ಟೋ ಸಲ ಕದ್ದು ಇಣುಕಿದ್ದೇನೆ, ಮಾತ್ರೆ ಸಿಗಲಿಲ್ಲ. ಆ ಹಾಡು ಬಾಯಿಂದ ಬಾಯಿಗೆ ಹರಡಿ, ರಾಮನಗರ, ಮಾಗಡಿಯ ಶಾಲೆಗಳವರೂ ಚೈತ್ರಾಳ ತಂಡವನ್ನು ಕರೆಯತೊಡಗಿದರು.

ಕಳೆದ ತಿಂಗಳು ಚನ್ನಪಟ್ಟಣದ ಒಂದು ಶಾಲೆಗೆ ತಂಡದ ಜೊತೆ ನಾನೂ ಹೋಗಿದ್ದೆ. ಈಗ ಪಿಯುಸಿ ಓದುವ ಪವಿತ್ರಾಳೂ ಆ ತಂಡದಲ್ಲಿದ್ದಾಳೆ. ಹಾಡು ಮುಗಿದ ಮೇಲೆ ಒಬ್ಬ ಹುಡುಗಿ ಎಲ್ಲರ ಎದುರೇ ಎದ್ದು ನಿಂತು, "ಸಿಸ್ಟರ್, ನಂಗೆ ಮಾತ್ರೆ ತಿಂದ್ರೆ ವಾಂತಿ ಬರುತ್ತೆ, ಏನ್ ಮಾಡ್ಲಿ?" ಅಂತ ಕೇಳಿದಳು. ನನ್ನ ಸರ್ವೀಸಿನಲ್ಲಿ ಯಾವ ಹುಡುಗಿಯೂ ನನ್ನನ್ನು ಹಾಗೆ ಧೈರ್ಯವಾಗಿ ಕೇಳಿದ್ದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಪವಿತ್ರಾ ಉತ್ತರ ಶುರು ಮಾಡಿಯೇಬಿಟ್ಟಿದ್ದಳು. ನಿಧಾನವಾಗಿ, ನಾಚಿಕೆ ಇಲ್ಲದೆ, ಒಂದು ಮಾತೂ ತಪ್ಪದೆ ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿ ಬಂತು.

ಪಕ್ಕದಲ್ಲಿದ್ದ ಟೀಚರ್, "ನಿಮ್ಮ ಮಗಳಾ ಸಿಸ್ಟರ್?" ಅಂತ ಕೇಳಿದರು. ಅಲ್ಲ ಅನ್ನುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.