ಕನ್ನಡ ಪುಟದಲ್ಲಿ ಮಾತ್ರ

ಆ ಪುಟವನ್ನು ಬರೆದವನು ನಾನು. ಅದನ್ನು ಮಾಲೀಕನ ತಲೆಗೆ ಕಟ್ಟಿ ತಪ್ಪಿಸಿಕೊಳ್ಳಲು ಬಹಳ ಕಾಲ ನೋಡಿದೆ. ಇನ್ನು ಸಾಕು.

ಎಸ್ಸೆಸ್ಸೆಲ್ಸಿ ಮುಗಿಸಿ ಕಾಸರಗೋಡಿನಿಂದ ಕೊಚ್ಚಿಗೆ ಬಂದವನು ನಾನು. ಅಲ್ಲಿನ ಬಂದರು ಪ್ರದೇಶ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಏಜೆಂಟರೊಬ್ಬರ ಬಳಿ ಗುಮಾಸ್ತನಾಗಿದ್ದೇ ವಯಸ್ಸು ಅರವತ್ತು ದಾಟಿತು. ಕಾಯಿದೆ ಓದಿ ಎಲ್ಲಿ ನುಸುಳಬಹುದು ಎಂದು ಹೇಳುವುದು ಅಲ್ಲಿ ಕಲಿತ ವಿದ್ಯೆ. ಅದನ್ನು ಕೇಳಿಯೇ ಎಣ್ಣೆ, ಲೇಹ್ಯ ಮಾಡುವ ಸಣ್ಣ ಕಂಪೆನಿಯ ಮಾಲೀಕ ನನ್ನನ್ನು ಕೆಲಸಕ್ಕೆ ಕರೆದ. ನಾವೆಲ್ಲ ಅವನನ್ನು ಮುದಲಾಳಿ, ಎಂದರೆ ಧಣಿ, ಎನ್ನುತ್ತಿದ್ದೆವು; ಅವನು ನನ್ನನ್ನು ಚೇಟ್ಟಾ, ಅಣ್ಣಾ, ಎನ್ನುತ್ತಿದ್ದ. ಎಲ್ಲರೂ ವೆಬ್‌ಸೈಟ್ ಮಾಡಿಸುತ್ತಿದ್ದ ಕಾಲ. ಅವನೂ ಮಾಡಿಸಿದ, ಮಲಯಾಳ, ಇಂಗ್ಲಿಷ್, ಕನ್ನಡ ಮೂರರಲ್ಲೂ. ಕನ್ನಡದ ಕೆಲಸ ನನ್ನದು.

ತನ್ನ ಚೂರ್ಣದಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಹಾಕಬೇಕೆಂಬುದು ಅವನ ಹಟ. ಹಾಗೆ ಜಾಹೀರಾತು ಕೊಡುವಂತಿಲ್ಲ, ಕಾನೂನಿದೆ ಎಂದು ನಾನೇ ಓದಿ ಹೇಳಿದೆ.

"ಹಾಕಿದ್ರೆ ಏನಾಗುತ್ತೆ ಚೇಟ್ಟಾ? ನಾಳೆಯೇ ಹಿಡ್ಕೊಂಡು ಹೋಗ್ತಾರಾ? ಅದನ್ನು ನೋಡಿ ಹೇಳಿ."

ಮೂರು ದಿನ ಕೂತು ಯೋಚಿಸಿದೆ. ಪತ್ರಿಕೆಯ ಜಾಹೀರಾತು ಅಧಿಕಾರಿಗಳ ಕಣ್ಣಿಗೆ ಬೀಳುತ್ತದೆ. ವೆಬ್‌ಸೈಟನ್ನು ಯಾರಾದರೂ ದೂರು ಕೊಟ್ಟರಷ್ಟೇ ನೋಡುತ್ತಾರೆ. ನೋಡಿದರೂ ತಿರುವನಂತಪುರದ ಔಷಧ ನಿಯಂತ್ರಣ ಕಚೇರಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆ? "ಆ ಮಾತು ಕನ್ನಡ ಪುಟದಲ್ಲಿ ಮಾತ್ರ ಇರಲಿ" ಎಂದೆ. ಮುದಲಾಳಿ ಎದ್ದು ಬಂದು ಬೆನ್ನು ತಟ್ಟಿದ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮೂರು ದಿನವೂ ನಾನು ತೂಗಿದ್ದು ನಮಗೆ ಬರಬಹುದಾದ ಅಪಾಯವನ್ನು. ಓದಿದವರಿಗೆ ಏನಾದೀತು ಎಂಬ ಪ್ರಶ್ನೆ ಒಮ್ಮೆಯೂ ಏಳಲಿಲ್ಲ. ಮೂರು ತಿಂಗಳಲ್ಲಿ ಮಾತ್ರೆಗಳನ್ನು ಬಿಡಬಹುದು ಎಂಬ ವಾಕ್ಯವಂತೂ ಮುದಲಾಳಿ ಕೇಳದೆಯೇ ನಾನು ಸೇರಿಸಿದ್ದು.

ತಿರುವನಂತಪುರದಲ್ಲಿ, ರಾಕೆಟ್ ಕೇಂದ್ರವಿರುವ ತುಂಬಾದ ಹತ್ತಿರ, ನಮ್ಮೂರಿನ ಹೆಂಗಸೊಬ್ಬರಿದ್ದರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಮಲಯಾಳ ಓದಲು ಬಾರದು. ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮಗಳು ಆ ಪುಟವನ್ನು ಪ್ರಿಂಟ್ ತೆಗೆದು ತಂದುಕೊಟ್ಟಳಂತೆ. ಅಕ್ಕ ಚೂರ್ಣ ತರಿಸಿದರು, ಮಾತ್ರೆ ಬಿಟ್ಟರು. ಕಾಲಿನಲ್ಲಿ ಎದ್ದ ಹುಣ್ಣು ಮಾಯಲಿಲ್ಲ. ಕೊನೆಗೆ ಬಲಗಾಲಿನ ಪಾದವನ್ನೇ ತೆಗೆದರು. ಇದನ್ನೆಲ್ಲ ಅವರ ಗಂಡ ಫೋನಿನಲ್ಲಿ ಹೇಳಿದರು. ಚೂರ್ಣದ ಹೆಸರನ್ನೂ ಹೇಳಿದರು, ಅದು ನಮ್ಮ ಕಂಪೆನಿಯದೆಂದು ತಿಳಿಯದೆ.

ಪುಟ ತೆಗೆಸು ಎಂದು ಮುದಲಾಳಿಯ ಮುಂದೆ ನಿಂತೆ.

"ಕೇಸು ಬಂತಾ? ಇಲ್ವಲ್ಲ. ನಿಮ್ಮದೇ ಉಪಾಯ ಚೇಟ್ಟಾ, ಚೆನ್ನಾಗಿ ನಡೀತಾ ಇದೆ" ಎಂದು ನಕ್ಕ.

ಅವತ್ತೇ ಕೆಲಸ ಬಿಟ್ಟೆ. ದೂರು ಬರೆದುಕೊಂಡು, ಆ ಪುಟದ ಪ್ರಿಂಟ್ ಹಿಡಿದು ತಿರುವನಂತಪುರದ ರೈಲು ಹತ್ತಿದೆ. ಕಚೇರಿಯಲ್ಲಿ ಅಧಿಕಾರಿ ಪ್ರಿಂಟಿನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು.

"ಇದೇನು, ತೆಲುಗಾ?"

"ಕನ್ನಡ ಸಾರ್. ನಮ್ಮದೇ ರಾಜ್ಯದ ಕಾಸರಗೋಡಿನವರು ಓದುವ ಭಾಷೆ."

"ಇಲ್ಲಿ ಯಾರಿಗೂ ಬರಲ್ಲ. ಸುಮ್ನೆ ತಂದುಕೊಟ್ರೆ ನಾನೇನು ಮಾಡ್ಲಿ?"

ಇಡೀ ಕಟ್ಟಡದಲ್ಲಿ ಒಬ್ಬರಿಗೂ ಬಾರದು. ಅದನ್ನೇ ನೆಚ್ಚಿಕೊಂಡಿದ್ದ ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನಾನೇ ಮಾಡಿ ತಂದಿದ್ದ ಮಲಯಾಳದ ಅನುವಾದವನ್ನು ಮೇಜಿನ ಮೇಲೆ ಬಡಿದಂತೆಯೇ ಇಟ್ಟೆ. ಪುಟ ಬರೆದವನು ನಾನೇ ಎಂದು ಅಡಿಯಲ್ಲಿ ಸಹಿ ಹಾಕಿಕೊಟ್ಟೆ.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಎಲ್ಲ ಹೇಳಿದೆ.

"ನೀವು ಬರ್ದದ್ದಾ ಅದು? ಚಂದ ಬರ್ದಿದ್ರಿ ಮಾರಾಯ್ರೆ. ಎರಡೆರಡು ಸಲ ಓದಿದ್ದೆ ನಾನು."

ಮತ್ತೆ ಅವರೇ ಕೇಳಿದರು.

"ನಿಮ್ಮ ಹೆಂಡ್ತಿಗೂ ಸಕ್ಕರೆ ಉಂಟಲ್ಲ? ಅವರಿಗೆ ಕೊಟ್ಟಿದ್ರಾ ಆ ಪುಡಿ?"

"ಇಲ್ಲ ಅಕ್ಕ."

"ಒಂದು ದಿನ ಸಹ?"

"ಒಂದು ದಿನವೂ ಇಲ್ಲ. ಮಾತ್ರೆ ತಪ್ಪಿಸಲು ಬಿಟ್ಟವನಲ್ಲ."

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅಲ್ಲೇ ನಿಂತಿದ್ದ ಗಂಡ ಬಾಗಿಲು ತೆರೆದು, "ಬಸ್ಸು ಆ ಕಡೆ ಸಿಗ್ತದೆ" ಎಂದರು.